ಹಳೇ ಕುಡುಕರ ರಕ್ತ ತೆಗೆಯುವಾಗ, ರಿಪೋರ್ಟ್ ಓದುವಾಗ

ರಾತ್ರಿ 10 ಗಂಟೆ. ಅಂಗೈ ಕೊಯ್ದುಕೊಂಡ ಒಬ್ಬರು ತಾವೇ ನಡೆದುಕೊಂಡು ಕ್ಯಾಶುಯಾಲ್ಟಿಗೆ ಬಂದರು. ಹೆಸರು, ಊರು, ಯಾವ ಬಸ್ಸಿಗೆ ಬಂದರು ಎಲ್ಲ ಸರಿಯಾಗಿ ಹೇಳಿದರು. ರಕ್ತ ಹಾಕಿ ನೋಡಿದರೆ 100 ಮಿಲಿಲೀಟರ್‌ಗೆ 282 ಮಿಲಿಗ್ರಾಂ ಆಲ್ಕೋಹಾಲ್! ಗಾಡಿ ಓಡಿಸೋರಿಗೆ ಕಾನೂನಿನ ಮಿತಿ 30. ಮಷಿನ್ ಕೆಟ್ಟಿದೆ ಅಂದುಕೊಂಡು ಮತ್ತೆ ಹಾಕಿದೆ. ಅಷ್ಟೇ ಬಂತು. ದಿನಾ ಕುಡಿಯುವವರ ಮೆದುಳು ಒಗ್ಗಿಹೋಗಿರುತ್ತದೆ. ಅಪರೂಪಕ್ಕೆ ಕುಡಿಯುವವರಾದರೆ ಅಷ್ಟಕ್ಕೆ ಎದ್ದು ನಿಲ್ಲುವುದೇ ಕಷ್ಟ. ಅದಕ್ಕೇ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ನಾನು ಹೇಳುವುದು: ನಡಿಗೆ ನೋಡಿ ಅಂಕಿ ಊಹಿಸಬೇಡಿ.

ರಕ್ತ ತೆಗೆಯುವಾಗ ಸ್ಪಿರಿಟ್ ಹತ್ತಿ ಮುಟ್ಟಲೇಬೇಡಿ, ಸ್ಪಿರಿಟ್ ಅಂದರೇ ಆಲ್ಕೋಹಾಲ್. ಮೊದಲ ವರ್ಷ ಅಭ್ಯಾಸಬಲದಿಂದ ನಾನು ಒರೆಸಿಬಿಟ್ಟು, ಸರಿಯಾಗಿ ಬೈಸಿಕೊಂಡಿದ್ದೆ. ಸೋಪು ನೀರು ಅಥವಾ ಬೆಟಾಡಿನ್ ಸಾಕು. ರಕ್ತ ಕೆಡದಂತೆ ಫ್ಲೋರೈಡ್ ಹಾಕಿದ ಗ್ರೇ ಮುಚ್ಚಳದ ಟ್ಯೂಬೇ ಬೇಕು. ಗುರುತಿನವರೆಗೂ ತುಂಬಿಸಿ, ಬಿಗಿಯಾಗಿ ಮುಚ್ಚಿ, ಫ್ರಿಜ್‌ನಲ್ಲಿಡಿ. ತೆರೆದಿಟ್ಟರೆ ಆಲ್ಕೋಹಾಲ್ ಆವಿಯಾಗುತ್ತದೆ.

ಮೂತ್ರದ ಲೆಕ್ಕ ಸ್ವಲ್ಪ ಬೇರೆ. ಅದರಲ್ಲಿ ಸಾಮಾನ್ಯವಾಗಿ ರಕ್ತಕ್ಕಿಂತ ಸುಮಾರು 1.3 ಪಟ್ಟು ಇರುತ್ತದೆ. ಆದರೆ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತದ್ದು ಈಗಿನ ಸ್ಥಿತಿ ಹೇಳುವುದಿಲ್ಲ. ಒಮ್ಮೆ ಖಾಲಿ ಮಾಡಿಸಿ, ಅರ್ಧ ಗಂಟೆ ಬಿಟ್ಟು ಹೊಸದನ್ನು ತೆಗೆದುಕೊಳ್ಳಿ. ಶುಗರ್ ಇದೆಯಾ ಅಂತ ಕೇಳಿ. ಮೂತ್ರದಲ್ಲಿ ಸಕ್ಕರೆಯ ಜೊತೆ ಯೀಸ್ಟ್ ಸೇರಿದರೆ ಬಾಟಲಿಯಲ್ಲೇ ಆಲ್ಕೋಹಾಲ್ ಹುಟ್ಟುತ್ತದೆ, ಇಡ್ಲಿ ಹಿಟ್ಟು ಹುಳಿ ಬಂದ ಹಾಗೆ.

ಇನ್ನು ರಕ್ತದಲ್ಲಿ ಆಲ್ಕೋಹಾಲ್ ಇಳಿಯುವ ಲೆಕ್ಕ. ಎಲ್ಲರೂ ತಪ್ಪುವುದು ಇಲ್ಲೇ. ಸಾಮಾನ್ಯ ಜನರಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಯುತ್ತದೆ. ದಿನಾ ಕುಡಿಯುವವರ ಲಿವರ್‌ನಲ್ಲಿ ಆಲ್ಕೋಹಾಲ್ ಒಡೆಯುವ ಕಿಣ್ವ ಜಾಸ್ತಿಯಾಗಿರುತ್ತದೆ, ಹಾಗಾಗಿ 20ರಿಂದ 30ರವರೆಗೂ ಇಳಿಯಬಹುದು. 4 ಗಂಟೆಗೆ ಎಷ್ಟು ವ್ಯತ್ಯಾಸ ಬಂತು ನೋಡಿ: 60 ಎಲ್ಲಿ, 120 ಎಲ್ಲಿ! ಲಿವರ್ ಪೂರ್ತಿ ಕೆಟ್ಟವರಲ್ಲಿ ಮತ್ತೆ ನಿಧಾನ. ಆದ್ದರಿಂದ ‘ಆಕ್ಸಿಡೆಂಟ್ ಆದಾಗ ಎಷ್ಟಿತ್ತು?’ ಅಂತ ಪೊಲೀಸರು ಕೇಳಿದರೆ ಸುಮ್ನೆ ಒಂದು ಅಂಕಿ ಹೇಳಬೇಡಿ. ಡಾಕ್ಟರ ಹತ್ತಿರ ಕಳಿಸಿ.

‘ಸೊನ್ನೆ ಆಗಲಿ, ಆಮೇಲೆ ನೋಡೋಣ’ ಅಂತ ಕಾಯುವುದೂ ತಪ್ಪು. ಅಂಗೈ ಕೊಯ್ದುಕೊಂಡವರ ರಕ್ತ ಬೆಳಿಗ್ಗೆ 6ಕ್ಕೆ ಮತ್ತೆ ತೆಗೆದೆ. 90. ಅಂದರೆ ಗಂಟೆಗೆ 24 ಇಳಿದಿತ್ತು. ಕಾನೂನಿನ ಲೆಕ್ಕದಲ್ಲಿ ಇನ್ನೂ ಮೂರು ಪಟ್ಟು ಅಮಲು, ಅಲ್ವಾ? ಆದರೆ ಅವರ ಮೈಗೆ ಅದು ಸಾಲುತ್ತಿರಲಿಲ್ಲ. ಟೀ ಲೋಟ ಕೊಟ್ಟರೆ ಕೈ ನಡುಗಿ ಅರ್ಧ ಚೆಲ್ಲಿತು. ಮೈಯೆಲ್ಲ ಬೆವರು. ಇಂಥವರಿಗೆ ಫಿಟ್ಸ್ ಬರಬಹುದು. ನಾನು ರಿಪೋರ್ಟ್ ಪ್ರಿಂಟ್ ಆಗುವವರೆಗೂ ನಿಲ್ಲದೆ ಸಿಸ್ಟರ್‌ನ ಕೂಗಿದೆ.