ತಂಗಿ ಮಗಳ ಹಳೇ ಲ್ಯಾಪ್‌ಟಾಪ್, ತೋಟದ ಮನೆಯ ನೆಟ್ಟು

ಲ್ಯಾಪ್‌ಟಾಪ್ ನಿಧಾನ ಅಂದರೆ ಅಂಗಡಿಯವರು ಹೊಸದು ತೋರಿಸುತ್ತಾರೆ. ನೆಟ್ ನಿಧಾನ ಅಂದರೆ ದೊಡ್ಡ ಪ್ಲಾನ್ ಹಾಕಿಸಿ ಅನ್ನುತ್ತಾರೆ. ನಾನು ಮೊದಲು ಯಾವ ಭಾಗ ತಡೆಯುತ್ತಿದೆ ಅಂತ ನೋಡುತ್ತೇನೆ. ದುಡ್ಡಿನ ಮಾತು ಆಮೇಲೆ.

ತಂಗಿ ಮಗಳು ಇರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಡಿಕೆ ತೋಟದ ನಡುವೆ ಒಂಟಿ ಮನೆ. ಅವಳಿಗೆ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತು. ಕೈಯಲ್ಲಿ ಇದ್ದದ್ದು 2016ರಲ್ಲಿ ಅವಳ ಅಣ್ಣನಿಗೆ ಕೊಡಿಸಿದ್ದ ಲ್ಯಾಪ್‌ಟಾಪ್. ಇಂಟೆಲ್‌ನ ಆರನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. "ಮಾವ, ಹೊಸದೇ ತಗೊಳ್ಳೋದು ಒಳ್ಳೇದಲ್ವಾ?" ಅಂತ ಕೇಳಿದಳು. ನೋಡೋಣ ತಡಿ ಅಂದೆ.

ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಉತ್ತರ ಅಲ್ಲೇ ಇತ್ತು. ಪ್ರೊಸೆಸರ್ ಆರಾಮಾಗಿ ಕೂತಿದೆ. ಡಿಸ್ಕ್ ಮಾತ್ರ 100 ಪರ್ಸೆಂಟ್‌ನಿಂದ ಇಳಿಯುತ್ತಲೇ ಇಲ್ಲ, ಮೆಮೊರಿ, ಅಂದರೆ ರ‍್ಯಾಮ್, ಭರ್ತಿ. ಹಾರ್ಡ್ ಡಿಸ್ಕ್ ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ ಇರುತ್ತದೆ. ಓದುವ ತಲೆ ಪ್ರತಿ ಫೈಲಿಗೂ ಜಾಗ ಹುಡುಕಿಕೊಂಡು ಅದರ ಮೇಲೆ ಓಡಾಡಬೇಕು. ಒಂದೊಂದು ಸಲಕ್ಕೆ ಹತ್ತಕ್ಕಿಂತ ಜಾಸ್ತಿ ಮಿಲಿಸೆಕೆಂಡ್ ಹಿಡಿಯುತ್ತದೆ. ಎಸ್‌ಎಸ್‌ಡಿ ಅಂದರೆ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್. ಅದರಲ್ಲಿ ತಿರುಗುವುದೇ ಏನೂ ಇಲ್ಲ, ಅದೇ ಕೆಲಸ 0.1 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ದಿನನಿತ್ಯ ಕೈಗೆ ಗೊತ್ತಾಗುವ ವ್ಯತ್ಯಾಸ ಆ ಅಂಕಿಯದ್ದಲ್ಲ, ಈ ಹುಡುಕಾಟ ತಪ್ಪಿದ್ದರದ್ದು.

ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ, ಜೊತೆಗೆ ಇನ್ನಷ್ಟು ರ‍್ಯಾಮ್ ಹಾಕೋಣ ಅಂದುಕೊಂಡೆ. ಖರೀದಿಗೆ ಮುಂಚೆ ಯಾವುದು ಹೊಂದುತ್ತದೆ ಅಂತ ನೋಡಿಕೊಂಡೆ. ಆರನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಡಿಡಿಆರ್3ಎಲ್ ರ‍್ಯಾಮ್, ಕೆಲವಕ್ಕೆ ಡಿಡಿಆರ್4. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಅದರ ಸ್ಲಾಟಿಗೆ ಇದು ಕೂರುವುದಿಲ್ಲ. ಸಿಪಿಯು-ಝಡ್ ಎಂಬ ಪುಟ್ಟ ಪ್ರೋಗ್ರಾಂ ಹಾಕಿ ನೋಡಿದಾಗ ಡಿಡಿಆರ್3ಎಲ್ ಅಂತ ತೋರಿಸಿತು. ಆ 'ಎಲ್' ಮುಖ್ಯ. ಅದು 1.35 ವೋಲ್ಟಿನದ್ದು, ಎಲ್ ಇಲ್ಲದ ಡಿಡಿಆರ್3 1.5 ವೋಲ್ಟಿನದ್ದು. ಎಸ್‌ಎಸ್‌ಡಿಗೆ ಇದ್ದದ್ದು ಹಾರ್ಡ್ ಡಿಸ್ಕ್ ಕೂರುವ, ಸಾಟಾ ಎಂಬ ಬಗೆಯ ಎರಡೂವರೆ ಇಂಚಿನ ಜಾಗ ಒಂದೇ, ಹಾಗಾಗಿ 7 ಮಿಲಿಮೀಟರ್ ದಪ್ಪದ್ದು ಸಾಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಪುಟ್ಟ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಅದು ಸಾಟಾನೋ ಅದಕ್ಕಿಂತ ವೇಗದ ಎನ್‌ವಿಎಂಇನೋ ಅಂತ ಮಾಡೆಲ್ ನಂಬರ್ ಹಾಕಿ ನೋಡಿಕೊಳ್ಳಿ. ನೋಡಲು ಅಣ್ಣತಮ್ಮಂದಿರ ಹಾಗೇ ಇರುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋದಾಗ ರ‍್ಯಾಮ್, ಎಸ್‌ಎಸ್‌ಡಿ ಎರಡನ್ನೂ ತಂದೆ.

ಬಿಚ್ಚುವುದು ಕಷ್ಟವಲ್ಲ, ತಾಳ್ಮೆ ಬೇಕು. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ತಳದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಸೆಲ್ಲೋಟೇಪಿನಿಂದ ಅಂಟಿಸಿದೆ. ಉದ್ದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಬೋರ್ಡಿಗೇ ಚುಚ್ಚಬಹುದು. ತಳ ಎಬ್ಬಿಸಲು ಹಳೇ ಎಟಿಎಂ ಕಾರ್ಡ್ ಸಾಕು. ಸ್ಕ್ರೂಡ್ರೈವರ್ ತುದಿ ಹಾಕಿ ಮೀಟಬೇಡಿ, ಪ್ಲಾಸ್ಟಿಕ್ ಕೊಂಡಿಗಳು ಮುರಿಯುತ್ತವೆ. ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ತೆಗೆಯುವುದು. ಉಳಿದದ್ದಕ್ಕೆ ಕೈ ಹಾಕುವುದು ಆಮೇಲೆ.

ವಿಂಡೋಸ್ 11ಗೆ ಇಂಟೆಲ್‌ನ ಕನಿಷ್ಠ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇದು ಆರನೆಯದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವಳ ಕೆಲಸವೆಲ್ಲ ಬ್ರೌಸರ್‌ನಲ್ಲೇ ಆದ್ದರಿಂದ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ. ಕನ್ನಡಕ್ಕೆ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಅದರಲ್ಲೇ ಇದೆ, ಬೇರೆ ಹುಡುಕಬೇಕಿಲ್ಲ. ಹಳೇ ಹಾರ್ಡ್ ಡಿಸ್ಕನ್ನು ಯುಎಸ್‌ಬಿ 3.0 ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಕೊಟ್ಟೆ. ಅದನ್ನು ಚುಚ್ಚಿದಾಗಲೆಲ್ಲ ವೈರ್‌ಲೆಸ್ ಮೌಸ್ ತಡವರಿಸುತ್ತಿತ್ತು. ಯುಎಸ್‌ಬಿ 3.0 ಹೊರಡಿಸುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ, ಮೌಸ್ ಮಾತಾಡುವುದೂ ಅಲ್ಲೇ. ಮೌಸಿನ ಡಾಂಗಲ್ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಪುಟ್ಟ ತುಂಡು) ತೆಗೆದು ಇನ್ನೊಂದು ಬದಿಯ ಪೋರ್ಟಿಗೆ ಹಾಕಿದೆ, ಸರಿಹೋಯಿತು.

ಲ್ಯಾಪ್‌ಟಾಪ್ ಓಡತೊಡಗಿತು. ಮೀಟಿಂಗ್ ಮಾತ್ರ ಕಡಿದು ಕಡಿದು ಬರುತ್ತಿತ್ತು. ಫೈಬರ್ ನೆಟ್ ಅಲ್ಲಿಗೆ ಬಂದಿಲ್ಲ, ಫೋನಿನ ನೆಟ್ಟೇ ಗತಿ. ಟವರ್ ಇರುವುದು ಗುಡ್ಡದ ಆಚೆ.

ಇಲ್ಲಿ ಎರಡು ದಾರಿ ಇವೆ: ಟವರಿನಿಂದ ಫೋನಿಗೆ, ಫೋನಿನಿಂದ ಲ್ಯಾಪ್‌ಟಾಪ್‌ಗೆ. ಎರಡನ್ನೂ ಬೇರೆ ಬೇರೆ ಪರೀಕ್ಷಿಸದಿದ್ದರೆ ಸುಮ್ನೆ ಸಿಮ್ ಬದಲಾಯಿಸುತ್ತಾ ಕೂರಬೇಕಾಗುತ್ತದೆ. ಎರಡನೇ ದಾರಿ ನೋಡಲು ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಟೆದರಿಂಗ್ ಹಾಕಿದೆ, ಅಂದರೆ ಫೋನಿನ ನೆಟ್ಟನ್ನು ವೈಫೈ ಬದಲು ತಂತಿಯಲ್ಲೇ ಕೊಟ್ಟೆ. ಲ್ಯಾಪ್‌ಟಾಪ್ ಫೋನನ್ನು ಗುರುತಿಸಲೇ ಇಲ್ಲ. ಅಗ್ಗದ ಕೇಬಲ್ಲುಗಳಲ್ಲಿ ಕೆಲವಕ್ಕೆ ಕರೆಂಟ್ ಹೋಗುವ ತಂತಿ ಮಾತ್ರ ಇರುತ್ತದೆ, ಡೇಟಾದ್ದು ಇರುವುದಿಲ್ಲ. ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಬೇರೆ ಕೇಬಲ್ ಹಾಕಿದಾಗ ಸಿಕ್ಕಿತು, ಆದರೆ ಕಡಿತ ನಿಲ್ಲಲಿಲ್ಲ. ಹಾಗಾದರೆ ತೊಂದರೆ ಟವರ್ ಕಡೆಯದ್ದೇ.

ಫೋನಿನ ಮೇಲಿನ ಕಡ್ಡಿಗಳನ್ನು ನಾನು ನಂಬುವುದಿಲ್ಲ, ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ನೋಡಿದರೆ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಡಿಬಿಎಂ ಎಂಬ ಅಳತೆಯಲ್ಲಿ ಇರುತ್ತದೆ. ಮೈನಸ್ 85ರ ಹತ್ತಿರ ಇದ್ದರೆ ಚೆನ್ನಾಗಿದೆ, ಮೈನಸ್ 115 ದಾಟಿದರೆ ಪರದಾಟ. ಅವಳು ಕೂರುವ ಕೋಣೆಯಲ್ಲಿ ಮೈನಸ್ 118 ಬಂತು. ಜಂಬಿಟ್ಟಿಗೆಯ ದಪ್ಪ ಗೋಡೆ, ಇನ್ನೇನು ಬಂದೀತು? ಫೋನ್ ಹಿಡಿದು ಇಡೀ ಮನೆ ಸುತ್ತಿದೆ. ಉಪ್ಪರಿಗೆಯ ಪಶ್ಚಿಮದ ಕಿಟಕಿಯಲ್ಲಿ ಮೈನಸ್ 101. ಹತ್ತು ಡಿಬಿಗೆ ಹತ್ತು ಪಟ್ಟು ಅನ್ನುವ ಲೆಕ್ಕ ಇದು. ಹಾಗಾಗಿ 17ರ ಅಂತರ ಅಂದರೆ ಸುಮಾರು 50 ಪಟ್ಟು ಹೆಚ್ಚು ಶಕ್ತಿ. ಒಂದು ರೂಪಾಯಿ ಖರ್ಚಿಲ್ಲದೆ.

ಫೋನನ್ನು ಹಗಲೆಲ್ಲ ಹಾಟ್‌ಸ್ಪಾಟ್ ಮಾಡಿ ಕಿಟಕಿಯಲ್ಲಿ ಇಟ್ಟರೆ ಬಿಸಿಯಾಗಿ ಬ್ಯಾಟರಿ ಬೇಗ ಹಾಳಾಗುತ್ತದೆ. ಅದಕ್ಕೇ ಸಿಮ್ ಹಾಕುವ 4ಜಿ ರೂಟರ್ ತಂದು ಅಲ್ಲಿ ಕೂರಿಸಿದೆ. ಅದರಲ್ಲಿ ಬ್ಯಾಂಡ್, ಅಂದರೆ ಟವರ್ ಜೊತೆ ಮಾತಾಡುವ ತರಂಗಾಂತರ, ಆಯ್ದುಕೊಳ್ಳುವ ಸೌಲಭ್ಯ ಇತ್ತು. ಅವಳ ಸಿಮ್‌ಗೆ ಅಲ್ಲಿ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5, 2300ರ ಬ್ಯಾಂಡ್ 40 ಎರಡೂ ಸಿಗುತ್ತಿದ್ದವು. ಬ್ಯಾಂಡ್ 40 ವೇಗ ಜಾಸ್ತಿ, ಆದರೆ ಗುಡ್ಡ, ಮರ ದಾಟಿ ಬರುವಷ್ಟರಲ್ಲಿ ಸುಸ್ತು. ಬ್ಯಾಂಡ್ 5ಕ್ಕೆ ಕಟ್ಟಿಹಾಕಿದೆ. ಸ್ಪೀಡ್ ಟೆಸ್ಟಿನ ಅಂಕಿ ಇಳಿಯಿತು, ಮೀಟಿಂಗ್ ಕಡಿಯುವುದು ನಿಂತಿತು. ವಿಡಿಯೋ ಮೀಟಿಂಗಿಗೆ ಬೇಕಾದದ್ದು ಓಟವಲ್ಲ, ಸ್ಥಿರತೆ.

ರೂಟರಿನಿಂದ ಕೆಳಗಿನ ಕೋಣೆಗೆ ಲ್ಯಾನ್ ಕೇಬಲ್ ಎಳೆದೆ. ನೂರು ಮೀಟರ್‌ವರೆಗೂ ತೊಂದರೆ ಇಲ್ಲ. ಹಳೇ ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇರುವುದೇ ಒಂದು ಲಾಭ, ಈಗಿನ ತೆಳ್ಳನೆಯವುಗಳಲ್ಲಿ ಬಹಳಷ್ಟಕ್ಕೆ ಅದಿಲ್ಲ. ಮನೆಯವರ ಫೋನುಗಳಿಗೆ ವೈಫೈ 2.4 ಗಿಗಾಹರ್ಟ್ಸ್‌ನಲ್ಲೇ ಬಿಟ್ಟೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಾದರೆ ನಾನು 5 ಗಿಗಾಹರ್ಟ್ಸ್ ಅನ್ನುತ್ತೇನೆ, ಅಲ್ಲಿ 2.4ರಲ್ಲಿ ಅಕ್ಕಪಕ್ಕದವರೆಲ್ಲ ತುಂಬಿಕೊಂಡಿರುತ್ತಾರೆ. ಒಂಟಿ ಮನೆಗೆ ಆ ಚಿಂತೆ ಇಲ್ಲ, ಗೋಡೆ ದಾಟುವುದರಲ್ಲೂ 2.4 ಮೇಲು.

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲು. ರೂಟರ್ 12 ವೋಲ್ಟಿನದ್ದು, ಅದಕ್ಕೆ ಅದೇ ವೋಲ್ಟಿನ ಮಿನಿ ಯುಪಿಎಸ್ ಹಾಕಿದೆ. ಲ್ಯಾಪ್‌ಟಾಪ್ ಬ್ಯಾಟರಿ ಹೊಸದಿದ್ದಾಗ 41 ವಾಟ್ ಅವರ್ ಚಾರ್ಜ್ ಹಿಡಿಯುತ್ತಿತ್ತು, ಈಗ ಬರೀ 13 ಹಿಡಿಯುತ್ತಿತ್ತು. ಹಳೆಯದರ ಮೇಲಿನ ಪಾರ್ಟ್ ನಂಬರ್ ನೋಡಿ ಅದೇ ನಂಬರಿನದ್ದು ತರಿಸಿದೆ. ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿಯೇ ಊದಿಕೊಂಡಿರಬಹುದು. ಅಂಥದ್ದನ್ನು ಚುಚ್ಚುವುದು, ಒತ್ತುವುದು ಬೇಡವೇ ಬೇಡ.

ಏಪ್ರಿಲ್, ಮೇನಲ್ಲಿ ಗುಡುಗು ಸಿಡಿಲು ಜೋರು. ಮೋಡ ಕಟ್ಟಿದ ಕೂಡಲೇ ರೂಟರಿನ ಪ್ಲಗ್ಗನ್ನೂ ಲ್ಯಾಪ್‌ಟಾಪ್‌ನ ಲ್ಯಾನ್ ಕೇಬಲ್ಲನ್ನೂ ಕಿತ್ತಿಡು ಅಂತ ಹೇಳಿದ್ದೇನೆ. ಬರೀ ಪ್ಲಗ್ ಕಿತ್ತರೆ ಸಾಲದು, ಸಿಡಿಲಿನ ಹೊಡೆತ ಲ್ಯಾನ್ ತಂತಿಯಲ್ಲೂ ಬರುತ್ತದೆ. ಅಷ್ಟು ಹೊತ್ತು ಅವಳು ಬ್ಯಾಟರಿ ಮೇಲೆ, ಉಪ್ಪರಿಗೆಯಲ್ಲಿ ಕೂತು, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಕೆಲಸ ನಡೆಸುತ್ತಾಳೆ.