ಪಿಯುಸಿಲಿ 71%, ಆದ್ರೂ ಎಂಬಿಬಿಎಸ್ ಸೀಟು ತಗೊಂಡಿದ್ದು ಹೆಂಗೆ (ನನ್ನ ಅನುಭವ)

2022ರಲ್ಲಿ ನನ್ನ ಸೆಕೆಂಡ್ ಪಿಯುಸಿ ರಿಸಲ್ಟು 71%, ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಮಾತ್ರ ತಗೊಂಡ್ರೆ 64ರ ಆಸುಪಾಸು. ನಮ್ಮ ಚಿಕ್ಕಪ್ಪ ಮಾರ್ಕ್ಸ್ ಕಾರ್ಡ್ ನೋಡಿ "ಇದಕ್ಕೆ ಕಾಂಪೌಂಡರ್ ಕೆಲ್ಸಾನೂ ಸಿಗಲ್ಲ, ಹುಳ ಮೇಯ್ಸೋಕೆ ಬಾ" ಅಂದ್ರು. ಶಿಡ್ಲಘಟ್ಟದ ಕಡೆ ನಮ್ದು, ರೇಷ್ಮೆ ಮನೆತನ.

ಮೆಡಿಕಲ್‌ಗೆ ಪಿಯುಸಿ ಮಾರ್ಕ್ಸು ಬರೀ ಬಾಗ್ಲು ದಾಟೋಕೆ, ಜನರಲ್‌ಗೆ ಪಿಸಿಬಿ 50%, ರಿಸರ್ವೇಶನ್ ಇದ್ರೆ 40% ಸಾಕು. ಇಂಜಿನಿಯರಿಂಗ್ ತರ ಅರ್ಧ ಪಿಯುಸಿ ಅರ್ಧ ಸಿಇಟಿ ಅಂತ ಇಲ್ಲಿಲ್ಲ, ನೀಟ್ ಒಂದೇ. ಇದನ್ನ ಮನೇಲಿ ನಂಬ್ಸೋಕೇ ಒಂದು ತಿಂಗ್ಳು ಹೋಯ್ತು.

ಮೊದಲ ನೀಟ್‌ಲಿ 318. ಸರಿ 95, ತಪ್ಪು 62. ಆಮೇಲೆ ಬೆಂಗಳೂರಲ್ಲಿ ಲಾಂಗ್ ಟರ್ಮ್ ಕೋಚಿಂಗು, ಫೀಸು 1 ಲಕ್ಷದ ಮೇಲೆ, ಪಿಜಿಗೆ ತಿಂಗ್ಳಿಗೆ 7 ಸಾವಿರ, ಅಂದ್ರೆ ನಮ್ಮಪ್ಪನ ಎರಡು ಬೆಳೆ ಗೂಡಿನ ದುಡ್ಡು. ಕ್ಲಾಸಲ್ಲಿ 120 ಜನ, ನಾನು ಹಿಂದಿನ ಬೆಂಚು, ಡೌಟ್ ಕೇಳೋಕೆ ಕ್ಯೂ. ಎರಡೂವರೆ ತಿಂಗ್ಳಿಗೆ ಬಿಟ್ಟು ಬಂದೆ, ವಾಪಸ್ ಕೊಟ್ಟಿದ್ದು ಏನೋ 30 ಸಾವಿರ, ಅದಕ್ಕೂ ಆರು ಸಲ ಬಸ್ ಹತ್ತಿದೀನಿ.

ಊರಲ್ಲಿ ಕೂತು ಮೊದ್ಲು ಮಾಡಿದ್ದು ಆ 62 ತಪ್ಪು ಬಿಡಿಸಿದ್ದು. 40ರಷ್ಟು ಸುಮ್ನೆ ಅಂದಾಜಲ್ಲಿ ಹೊಡ್ದಿದ್ದು! ತಪ್ಪಾದ್ರೆ ಬರ್ಬೇಕಿದ್ದ 4 ಹೋಗಿ ಮೇಲೊಂದು ಕಟ್, ಗೊತ್ತಿದ್ದೂ ಹೊಡ್ದಿದ್ದೆ. ಆಮೇಲೆ ಪ್ರತಿ ಮಾಕ್ ಟೆಸ್ಟ್‌ಗೂ ತಪ್ಪಿಗೆ ಅಂತ್ಲೇ ಬೇರೆ ನೋಟ್‌ಬುಕ್ಕು. ಬಯಾಲಜಿ 360 ಮಾರ್ಕ್ಸು, ಅದಕ್ಕೆ ಎನ್‌ಸಿಇಆರ್‌ಟಿ ಬಿಟ್ಟು ಬೇರೆ ಪುಸ್ತಕ ಮುಟ್ಟಲಿಲ್ಲ, 9 ಸಲ ಆಗಿರ್ಬೇಕು. ಫಿಸಿಕ್ಸ್‌ಲಿ ಕೆಲವು ಚಾಪ್ಟರ್ ಪೂರ್ತಿ ಬಿಟ್ಟೆ, ಯಾವ್ದು ಅಂತ ಮಾತ್ರ ಕೇಳ್ಬೇಡಿ, ತಂಗಿ ಈ ಸಲ ಬರೀತಾಳೆ.

ಮಧ್ಯೆ ಒಂದು ಹುಚ್ಚು ಪ್ರಯೋಗಾನೂ ಆಯ್ತು. ಹತ್ತನೇ ಕ್ಲಾಸ್ವರೆಗೂ ಕನ್ನಡ ಮೀಡಿಯಂ ಅಲ್ವಾ, ನೀಟ್ ಕನ್ನಡದಲ್ಲೇ ಬರೆಯೋಣ ಅಂತ ಎರಡು ಮಾಕ್ ಕೊಟ್ಟೆ. ಪಿಯುಸಿಲಿ ಓದಿದ್ದೆಲ್ಲಾ ಇಂಗ್ಲಿಷು, ಆ ಪಾರಿಭಾಷಿಕ ಪದ ಬಿಡಿಸೋದ್ರಲ್ಲೇ ಟೈಮ್ ಮುಗೀತು, ಇಂಗ್ಲಿಷ್‌ಗೇ ವಾಪಸ್. ಪಾಠ ಮೊಬೈಲ್‌ಲಿ ನನ್ನ ದನೀಲೇ ರೆಕಾರ್ಡ್ ಮಾಡ್ಕೊಂಡು ಹುಳಕ್ಕೆ ಸೊಪ್ಪು ಹಾಕ್ತಾ ಕೇಳಿದ್ದು ಕೆಲ್ಸ ಮಾಡ್ತು. ಆದ್ರೆ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ಮೇಲೆ ಓದೋದೆಲ್ಲಿ ಬಂತು, ಹಗಲು ರಾತ್ರಿ ಸೊಪ್ಪೇ. ಎನ್‌ಸಿಇಆರ್‌ಟೀಲಿ ಬಾಂಬಿಕ್ಸ್ ಅಂತ ಬಂದಾಗ ಅಮ್ಮಂಗೆ ತೋರಿಸ್ದೆ, "ನಮ್ ಹುಳಾನೇ ಪುಸ್ತಕಕ್ಕೆ ಹೋಗೈತಲ್ಲೋ" ಅಂದ್ರು.

2023 ಮೇ 7, ಸರಿ 142, ತಪ್ಪು 22, ಒಟ್ಟು 546. ನಮ್ ಸಲ 200 ಪ್ರಶ್ನೇಲಿ 180 ಬರೆದ್ರೆ ಸಾಕಿತ್ತು, 2025ರಿಂದ ಆ ಚಾಯ್ಸ್ ಇಲ್ಲ, ಅದು ನೆನಪಿರ್ಲಿ.

ಇಷ್ಟಾದ್ರೂ ಸೀಟು ತಪ್ಪೋದ್ರಲ್ಲಿತ್ತು. ಕೆಇಎ (ಸೀಟು ಹಂಚೋ ರಾಜ್ಯದ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ಲಿ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಸಿಗೋಕೆ ಅದರ ಸರ್ಟಿಫಿಕೇಟ್ ಬೇಕು, ಒಂದರಲ್ಲಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬಿಟ್ಟೋಗಿತ್ತು, ಕೊನೇ ಗಳಿಗೇಲಿ ಓಡಾಡಿ ಹಾಕಿಸ್ದೆ. ಅವೆರಡು ಇಲ್ದಿದ್ರೆ ನನ್ ರ‍್ಯಾಂಕ್‌ಗೆ ಸರ್ಕಾರಿ ಸೀಟು ಕಷ್ಟ ಇತ್ತು, ಬಿಲ್ಡಪ್ ಯಾಕೆ. ಚಿಕ್ಕಪ್ಪ ಈಗ ಫೋನ್ ಮಾಡಿ ಬಿಪಿ ಮಾತ್ರೆ ಬಗ್ಗೆ ಕೇಳ್ತಾರೆ.