ಟಿಸಿಜಿಯ ಕೊನೆಯ ಬಿಂದು: ಬೆಸುಗೆ ಪರೀಕ್ಷೆಯಲ್ಲಿ ಗೇನ್ ಹೊಂದಿಸಿದ ನನ್ನ ಅನುಭವ

ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಮತ್ತು ಕುಡುತಿನಿಯ ಸುತ್ತಮುತ್ತಲಿನ ಫ್ಯಾಬ್ರಿಕೇಷನ್ ಯಾರ್ಡುಗಳಲ್ಲಿ ಬೆಸುಗೆಗಳ ಅಲ್ಟ್ರಾಸೋನಿಕ್ ಪರೀಕ್ಷೆ, ಅಂದರೆ ಕಿವಿಗೆ ಕೇಳದ ಧ್ವನಿ ಕಳಿಸಿ ಒಳಗಿನ ದೋಷ ಹುಡುಕುವುದು, ನನ್ನ ವೃತ್ತಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಬಿರುಕು ಹುಡುಕುವುದನ್ನು ಬೇಗ ಕಲಿಯುತ್ತಾರೆ, ಆದರೆ ಪರದೆಯಲ್ಲಿ ಕಂಡ ಎಕೋ (ದೋಷಕ್ಕೆ ಬಡಿದು ಮರಳಿದ ಧ್ವನಿ) ನಿಜವಾಗಿ ಎಷ್ಟು ದೊಡ್ಡದು ಎಂದು ಹೇಳುವುದನ್ನು ಕಲಿಯಲು ಬಹಳ ಕಾಲ ತೆಗೆದುಕೊಳ್ಳುತ್ತಾರೆ. ನನಗೂ ಹಾಗೆಯೇ ಆಯಿತು. ನಾನು ಅದನ್ನು ಕಲಿತದ್ದು ಟಿಸಿಜಿ, ಅಂದರೆ ಸಮಯಕ್ಕೆ ತಕ್ಕಂತೆ ಗೇನ್ (ಎಕೋವನ್ನು ಹಿಗ್ಗಿಸುವ ಪ್ರಮಾಣ) ಏರಿಸುವ ವ್ಯವಸ್ಥೆಯನ್ನು ಒಮ್ಮೆ ತಪ್ಪಾಗಿ ಹೊಂದಿಸಿದ ಮೇಲೆ.

ಉಕ್ಕಿನೊಳಗೆ ಹೋದ ಧ್ವನಿ ಮುಂದೆ ಸಾಗಿದಷ್ಟೂ ಹರಡಿಕೊಳ್ಳುತ್ತದೆ, ಜೊತೆಗೆ ಲೋಹದ ಕಣಗಳಿಗೆ ತಾಗಿ ಚದುರಿ ಸೊರಗುತ್ತದೆ. ಹೀಗಾಗಿ ಒಂದೇ ಗಾತ್ರದ ದೋಷ ಹತ್ತಿರದಲ್ಲಿದ್ದರೆ ದೊಡ್ಡ ಎಕೋ ಕೊಡುತ್ತದೆ, ದೂರದಲ್ಲಿದ್ದರೆ ಸಣ್ಣದು ಕೊಡುತ್ತದೆ. ಧ್ವನಿ ಕಳಿಸಿ ಎಕೋ ಹಿಡಿಯುವ ಪ್ರೋಬಿನ ಸಮೀಪ ಕ್ಷೇತ್ರವನ್ನು, ಅಂದರೆ ಧ್ವನಿಯ ಬಲ ಏರಿಳಿಯುವ ಹತ್ತಿರದ ವಲಯವನ್ನು, ಸಾಕಷ್ಟು ದಾಟಿದ ಮೇಲೆ ಈ ಇಳಿಕೆಗೆ ಒಂದು ಲೆಕ್ಕವಿದೆ. ದೂರ ಎರಡು ಪಟ್ಟಾದಾಗ, ಮಾದರಿ ದೋಷವಾಗಿ ಅಡ್ಡಲಾಗಿ ಕೊರೆದ ರಂಧ್ರದ ಎಕೋ ಸುಮಾರು 9 ಡೆಸಿಬಲ್, ಚಪ್ಪಟೆ ತಳದ ರಂಧ್ರದ ಎಕೋ 12 ಡೆಸಿಬಲ್, ಹಿಂಬದಿಯ ಗೋಡೆಯ ಎಕೋ 6 ಡೆಸಿಬಲ್ (ಅಂದರೆ ಅರ್ಧದಷ್ಟು ಎತ್ತರಕ್ಕೆ) ಇಳಿಯುತ್ತದೆ, ಲೋಹದೊಳಗಿನ ನಷ್ಟ ಇದರ ಮೇಲೆ ಸೇರುತ್ತದೆ. ಡಿಎಸಿ ಪದ್ಧತಿಯಲ್ಲಿ ಈ ಇಳಿಕೆಯನ್ನೇ ಪರದೆಯ ಮೇಲೆ ಜಾರುವ ಗೆರೆಯಾಗಿ ಬರೆದುಕೊಂಡು ಎಕೋವನ್ನು ಆ ಗೆರೆಗೆ ಹೋಲಿಸುತ್ತೇವೆ. ಟಿಸಿಜಿಯಲ್ಲಿ ಗೆರೆ ಜಾರುವುದಿಲ್ಲ, ಬದಲಿಗೆ ತಡವಾಗಿ ಬರುವ ಎಕೋಗೆ ಯಂತ್ರವೇ ಹೆಚ್ಚು ಗೇನ್ ಕೊಟ್ಟು ಎಲ್ಲ ದೂರದ ಒಂದೇ ಗಾತ್ರದ ರಂಧ್ರಗಳನ್ನೂ ಒಂದೇ ಎತ್ತರಕ್ಕೆ ತರುತ್ತದೆ. ಬೆಸುಗೆ ಪರೀಕ್ಷೆಯಲ್ಲಿ ನಾವು ಬಳಸುವ ಅಡ್ಡ ಅಲೆ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 3240 ಮೀಟರ್ ಸಾಗುವುದರಿಂದ 100 ಮಿಲಿಮೀಟರ್ ಹೋಗಿ ಮರಳಲು ಅದಕ್ಕೆ 62 ಮೈಕ್ರೋಸೆಕೆಂಡ್ ಬೇಕು. ಯಂತ್ರಕ್ಕೆ ದೂರವೆಂದರೆ ಈ ಸಮಯವೇ. ಗರ್ಭಿಣಿಯರಿಗೆ ಸ್ಕ್ಯಾನ್ ಮಾಡುವ ಯಂತ್ರದ ಪಕ್ಕದಲ್ಲಿ ಸಾಲಾಗಿ ಇರುವ ಜಾರು ಗುಂಡಿಗಳು ಮಾಡುವುದೂ ಇದೇ ಕೆಲಸವನ್ನು.

ನನ್ನ ತಪ್ಪು ನಡೆದದ್ದು ಸ್ವತಂತ್ರವಾಗಿ ಪರೀಕ್ಷಿಸಲು ಬೇಕಾದ ಲೆವೆಲ್-2 ಪ್ರಮಾಣಪತ್ರ ಪಡೆದ ಮೊದಲ ವರ್ಷದಲ್ಲಿ. 40 ಮಿಲಿಮೀಟರ್ ದಪ್ಪದ ಪ್ಲೇಟುಗಳನ್ನು ಜೋಡಿಸಿದ ಒಂಟಿ ವಿ-ಬೆಸುಗೆ, 60 ಡಿಗ್ರಿಯ 4 ಮೆಗಾಹರ್ಟ್ಸ್ ಪ್ರೋಬ್. ಯಂತ್ರ ಹೊಂದಿಸಲು ಬಳಸುವ ಉಕ್ಕಿನ ಬ್ಲಾಕಿನಲ್ಲಿ 3 ಮಿಲಿಮೀಟರ್ ವ್ಯಾಸದ ಅಡ್ಡ ರಂಧ್ರಗಳು 10, 20 ಮತ್ತು 30 ಮಿಲಿಮೀಟರ್ ಆಳದಲ್ಲಿದ್ದವು. 60 ಡಿಗ್ರಿಯಲ್ಲಿ ಧ್ವನಿಯ ಹಾದಿ ಆಳದ ಎರಡು ಪಟ್ಟು ಆಗುವುದರಿಂದ 20, 40, 60 ಮಿಲಿಮೀಟರಿನಲ್ಲಿ ಮೂರು ಬಿಂದುಗಳನ್ನು ದಾಖಲಿಸಿದೆ. ಮೂರೂ ಎಕೋಗಳು ಪರದೆಯ 80 ಶೇಕಡಾ ಎತ್ತರದಲ್ಲಿ ಒಂದೇ ಸಾಲಿನಲ್ಲಿ ನಿಂತವು. ಆ ಸಾಲು ಎಷ್ಟು ಅಚ್ಚುಕಟ್ಟಾಗಿ ಕಂಡಿತೆಂದರೆ ಇನ್ನೇನೂ ಬಾಕಿಯಿಲ್ಲ ಎಂದು ನಂಬಿ, 160 ಮಿಲಿಮೀಟರಿನವರೆಗೆ, ಅಂದರೆ ಧ್ವನಿ ಪ್ಲೇಟಿನ ತಳಕ್ಕೆ ಬಡಿದು ಮತ್ತೆ ಮೇಲ್ಮೈಗೆ ಬರುವಷ್ಟು ದೂರ, ಬೆಸುಗೆಯನ್ನು ಸ್ಕ್ಯಾನ್ ಮಾಡಿದೆ.

130 ಮಿಲಿಮೀಟರಿನಲ್ಲಿ ಒಂದು ಎಕೋ ಬಂತು. ಎತ್ತರ 28 ಶೇಕಡಾ, ಉದ್ದ 22 ಮಿಲಿಮೀಟರ್. ಉಲ್ಲೇಖ ಮಟ್ಟದ, ಅಂದರೆ ಆ 80ರ ಸಾಲಿನ, 20 ಶೇಕಡಾ ದಾಟಿದ್ದರಿಂದ ಪರಿಶೀಲಿಸಿದೆ, ಉಲ್ಲೇಖ ಮಟ್ಟಕ್ಕಿಂತ ಬಹಳ ಕೆಳಗಿದೆ ಎಂದು ಸಣ್ಣ ಸ್ಲ್ಯಾಗ್ (ಬೆಸುಗೆಯೊಳಗೆ ಸಿಕ್ಕಿಬಿದ್ದ ಕಿಟ್ಟ) ಎಂದು ಬರೆದು ಒಪ್ಪಿಗೆ ಕೊಟ್ಟೆ. ಸಂಜೆ ನಮ್ಮ ಹಿರಿಯ ಇನ್‌ಸ್ಪೆಕ್ಟರ್ ವರದಿ ನೋಡುತ್ತಾ ಕೇಳಿದರು.

“ತಮ್ಮಾ, ನಿನ್ನ ಕೊನೀ ಪಾಯಿಂಟ್ ಎಷ್ಟಕ್ಕೈತಿ?”

“ಅರವತ್ತಕ್ಕ, ಸರ್.”

“ಎಕೋ ಎಲ್ಲಿಗೆ ಬಂದೈತಿ?”

ಅವರು ಮುಂದೆ ಮಾತಾಡಲಿಲ್ಲ, ಬ್ಲಾಕ್ ತೆಗೆದು ನನ್ನ ಮುಂದಿಟ್ಟರು. ಅದೇ ರಂಧ್ರಗಳನ್ನು ತಳಕ್ಕೆ ಬಡಿಸಿ ನೋಡಿದಾಗ ಅವು 100, 120 ಮತ್ತು 140 ಮಿಲಿಮೀಟರಿನಲ್ಲಿ ಬರಬೇಕು, ಬಂದವು, ಆದರೆ ಒಂದೂ 80ಕ್ಕೆ ಏರಲಿಲ್ಲ. 140ರ ಎಕೋ ಪರದೆಯ ಕಾಲು ಭಾಗವನ್ನೂ ಮುಟ್ಟಲಿಲ್ಲ. ಕೊನೆಯ ಬಿಂದುವಿನ ಆಚೆಗೆ ನನ್ನ ಯಂತ್ರ ಗೇನನ್ನು ಏರಿಸದೆ ಅಲ್ಲಿಯೇ ಹಿಡಿದಿಟ್ಟಿತ್ತು. ಆ ರಾತ್ರಿ ನೋಟುಪುಸ್ತಕದಲ್ಲಿ ಬರೆದುಕೊಂಡ ಗೇನ್ ಅಂಕಿಗಳು ಹೀಗಿವೆ: 20ಕ್ಕೆ 34, 40ಕ್ಕೆ 39.5, 60ಕ್ಕೆ 44.5, 100ಕ್ಕೆ 51.5, 120ಕ್ಕೆ 54, 140ಕ್ಕೆ 56.5 ಡೆಸಿಬಲ್. 60ರಿಂದ 120ಕ್ಕೆ 9.5 ಡೆಸಿಬಲ್ ಏರಿದೆ, ಲೆಕ್ಕದ 9ಕ್ಕೆ ಲೋಹದ ನಷ್ಟ ಸೇರಿದಂತೆ. ಮೊದಲ ಎರಡು ಬಿಂದುಗಳು ಸಮೀಪ ಕ್ಷೇತ್ರದ ಪ್ರಭಾವದಲ್ಲಿ ಇರುವುದರಿಂದ ಅಲ್ಲಿ ಆ ಲೆಕ್ಕ ಕೂಡುವುದಿಲ್ಲ. 130ರಲ್ಲಿ ನಾನು ಕಳೆದುಕೊಂಡದ್ದು 10 ಡೆಸಿಬಲ್‌ಗಿಂತ ತುಸು ಹೆಚ್ಚು, ಅಂದರೆ ಮೂರು ಪಟ್ಟಿಗೂ ಮೀರಿ. ನಾನು 28 ಎಂದು ಓದಿದ ಎಕೋ ವಾಸ್ತವದಲ್ಲಿ 90ನ್ನು ದಾಟುವಂಥದ್ದು.

ಆ ಜಾಗ ಯಾವುದು ಎಂಬುದೇ ನನ್ನನ್ನು ಹೆಚ್ಚು ಕಾಡಿತು. 60 ಡಿಗ್ರಿಯ ವಿ-ಬೆಸುಗೆಯಲ್ಲಿ ಪ್ರತಿ ಬದಿಯ ಬೆವೆಲ್, ಅಂದರೆ ಓರೆಯಾಗಿ ಕತ್ತರಿಸಿದ ಅಂಚು, 30 ಡಿಗ್ರಿ ವಾಲಿರುತ್ತದೆ. 60 ಡಿಗ್ರಿಯ ಪ್ರೋಬಿನ ಧ್ವನಿ ತಳಕ್ಕೆ ಬಡಿದು ಮೇಲೇಳುವಾಗ ಪ್ರೋಬಿನ ಕಡೆಯ ಆ ಬೆವೆಲ್‌ಗೆ ಸರಿಯಾಗಿ ಲಂಬವಾಗಿ ತಾಗುತ್ತದೆ. ಬೆಸುಗೆ ಪ್ಲೇಟಿನ ಅಂಚಿಗೆ ಬೆರೆಯದೆ ಉಳಿದಿದ್ದರೆ ಅದನ್ನು ಹಿಡಿಯುವುದು ಮುಖ್ಯವಾಗಿ ಈ ಎರಡನೆಯ ಹಾದಿಯೇ. ಅಂದರೆ ಈ ಕೋನವನ್ನು ಆರಿಸಿದ್ದು ಯಾವ ದೋಷಕ್ಕಾಗಿಯೋ, ಆ ದೋಷ ಸಿಗುವ ಕಡೆಯೇ ನನ್ನ ಗೇನ್ ನಿಂತುಹೋಗಿತ್ತು. ಮರುದಿನ ಎರಡೂ ಬದಿಯಿಂದ ನೋಡಿ, ಗೌಜಿಂಗ್ ಮಾಡಿಸಿ (ಬೆಸುಗೆಯನ್ನು ತೋಡಿಸಿ), ಗ್ರೈಂಡಿಂಗ್ ಮುಗಿದ ಮೇಲೆ ನಾನೇ ಬಗ್ಗಿ ನೋಡಿದೆ. ಮೇಲಿನಿಂದ 15 ಮಿಲಿಮೀಟರ್ ಆಳದಲ್ಲಿ, ಹೊಳೆಯುವ ಲೋಹದ ನಡುವೆ, ಬೆವೆಲ್‌ನ ಉದ್ದಕ್ಕೆ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆ ಇತ್ತು. ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಕೋಡಿನ 8ನೆಯ ಸೆಕ್ಷನ್ ಪ್ರಕಾರ ಬೆರೆಯದ ಬೆಸುಗೆಯನ್ನು ಅದರ ಉದ್ದ ಎಷ್ಟಿದ್ದರೂ ಒಪ್ಪುವಂತಿಲ್ಲ. ನಾನು ಬರೆದಂತೆ ಅದು ಸ್ಲ್ಯಾಗ್ ಆಗಿದ್ದರೂ, ಎಕೋ ಉಲ್ಲೇಖ ಮಟ್ಟವನ್ನು ದಾಟಿದ್ದರಿಂದ ಈ ದಪ್ಪದ ಮೂರನೆಯ ಒಂದು ಭಾಗ, ಅಂದರೆ 13 ಮಿಲಿಮೀಟರ್ ಉದ್ದ ದಾಟಿದ ಕೂಡಲೇ ತಿರಸ್ಕರಿಸಬೇಕಿತ್ತು.

ಡಿಎಸಿ ಬಳಸಿದ್ದರೆ ಗೆರೆ 60ರಲ್ಲಿ ಮುಗಿದದ್ದು ನನ್ನ ಕಣ್ಣಿಗೆ ಬೀಳುತ್ತಿತ್ತು. ಟಿಸಿಜಿಯಲ್ಲಿ ಪರದೆ ಎಲ್ಲೆಡೆ ಸಮನಾಗಿ ಕಾಣುವುದರಿಂದ ಗೇನ್ ಎಲ್ಲಿ ಏರುತ್ತಿದೆ, ಎಲ್ಲಿ ನಿಂತಿದೆ ಎಂಬುದು ಹೊರಗೆ ತೋರುವುದಿಲ್ಲ. ಆದ್ದರಿಂದ ಈಗ ಸ್ಕ್ಯಾನ್ ಮಾಡಬೇಕಾದ ಹಾದಿಯನ್ನು ಮೊದಲು ಕಾಗದದ ಮೇಲೆ ಲೆಕ್ಕಹಾಕಿ, ಕೊನೆಯ ಬಿಂದು ಆ ಹಾದಿಯ ತುದಿಯನ್ನು ಒಳಗೊಳ್ಳುವಂತೆ ನೋಡಿಕೊಳ್ಳುತ್ತೇನೆ. ಬ್ಲಾಕಿನಲ್ಲಿ ಅಷ್ಟು ದೂರದ ರಂಧ್ರ ಸಿಗದಿದ್ದರೆ ಸ್ಕ್ಯಾನ್ ದೂರವನ್ನೇ ಕಡಿಮೆ ಮಾಡಿ ಉಳಿದ ಭಾಗಕ್ಕೆ ಬೇರೆ ಕೋನ ಅಥವಾ ಬೇರೆ ಬದಿಯನ್ನು ಆರಿಸುತ್ತೇನೆ. ಪ್ರತಿ ರಂಧ್ರದ ಎಕೋವನ್ನು ಪ್ರೋಬ್ ಹಿಂದೆ ಮುಂದೆ ಸರಿಸಿ, ಸ್ವಲ್ಪ ಎಡ ಬಲ ತಿರುಗಿಸಿ, ಒತ್ತಡ ಬದಲಾಗದಂತೆ ಬೆರಳು ಹಿಡಿದು ಗರಿಷ್ಠಕ್ಕೆ ತಂದ ಮೇಲೆಯೇ ದಾಖಲಿಸುತ್ತೇನೆ, ಏಕೆಂದರೆ ಒಂದು ಬಿಂದುವಿನಲ್ಲಿ ಗರಿಷ್ಠ ತಪ್ಪಿದರೆ ಆ ದೂರದ ಎಲ್ಲ ದೋಷಗಳೂ ಇದ್ದುದಕ್ಕಿಂತ ದೊಡ್ಡದಾಗಿ ತೋರುತ್ತವೆ. ಗೇನ್ ಏರಿದಂತೆ ಪರದೆಯ ಬಲತುದಿಯಲ್ಲಿ ಸದ್ದಿನ ಹುಲ್ಲೂ (ಹುಲ್ಲಿನಂತೆ ಕಾಣುವ ಬೇಡದ ಸಣ್ಣ ಗೆರೆಗಳು) ಏಳುತ್ತದೆ. ಅದು ಪರಿಶೀಲನೆಯ ಮಟ್ಟವನ್ನೇ ಮುಟ್ಟುವಂತಿದ್ದರೆ ಅಲ್ಲಿ ಟಿಸಿಜಿಯನ್ನು ನಂಬುವುದಿಲ್ಲ.

ಬ್ಲಾಕಿನ ನುಣುಪಾದ ಮೈಗೂ ಯಾರ್ಡಿನ ಪ್ಲೇಟಿನ ಒರಟು ಮೈಗೂ ಇರುವ ವ್ಯತ್ಯಾಸವನ್ನು ಎರಡು ಪ್ರೋಬ್ ಎದುರುಬದುರು ಇಟ್ಟು ಅಳೆದು ಒಟ್ಟು ಗೇನ್‌ಗೆ ಸೇರಿಸಬೇಕು. ಅದಕ್ಕಾಗಿ ಟಿಸಿಜಿ ಬಿಂದುಗಳನ್ನು ಮುಟ್ಟಬಾರದು. ಹುಡುಕುವಾಗ ಕೊಡುವ ಹೆಚ್ಚುವರಿ 6 ಡೆಸಿಬಲ್ ಅನ್ನು ಎತ್ತರ ಓದುವ ಮುನ್ನ ತೆಗೆಯುವುದೂ ಅಷ್ಟೇ ಮುಖ್ಯ.

ನಮ್ಮ ಭಾಗದ ಬಿಸಿಲಿನ ಮಾತು ಬೇರೆಯೇ ಇದೆ. ಬಳ್ಳಾರಿಯ ಏಪ್ರಿಲ್–ಮೇ ಬಿಸಿಲಿನಲ್ಲಿ ಬಯಲಿಗಿಟ್ಟ ಪ್ಲೇಟಿನ ಮೇಲೆ ಕೈ ಇಡಲು ಆಗುವುದಿಲ್ಲ, ಬ್ಲಾಕ್ ಮಾತ್ರ ಚೀಲದೊಳಗೆ ನೆರಳಿನಲ್ಲಿರುತ್ತದೆ. ಬ್ಲಾಕಿಗೂ ಪ್ಲೇಟಿಗೂ ತಾಪದ ಅಂತರ 14 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎನ್ನುತ್ತದೆ ಎಎಸ್‌ಎಂಇಯ 5ನೆಯ ಸೆಕ್ಷನ್. ಪ್ರೋಬಿನ ತಳದ ಪರ್ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ ಬಿಸಿಯಾದಂತೆ ಅದರೊಳಗೆ ಧ್ವನಿಯ ವೇಗ ಕುಗ್ಗಿ ಕೋನ ಹೆಚ್ಚುತ್ತದೆ, ಆಗ ಹಾದಿಯೂ ಗೇನ್ ಬಿಂದುವೂ ಹೊಂದದೆ ಹೋಗುತ್ತವೆ. ಅದಕ್ಕಾಗಿ ಬೆಳಿಗ್ಗೆ ಆರಕ್ಕೇ ಕೆಲಸ ಆರಂಭಿಸುತ್ತೇನೆ, ಬ್ಲಾಕನ್ನು ಒಂದು ಗಂಟೆ ಮೊದಲೇ ಪ್ಲೇಟಿನ ಮೇಲೆ ಇಟ್ಟಿರುತ್ತೇನೆ. ಅದಿರಿನ ಕೆಂಪು ದೂಳು, ಧ್ವನಿ ದಾಟಲೆಂದು ಪ್ರೋಬಿನ ಕೆಳಗೆ ಹಚ್ಚುವ ಗ್ರೀಸಿನೊಂದಿಗೆ ಸೇರಿದರೆ ಉಪ್ಪುಕಾಗದದಂತೆ ಪರ್ಸ್ಪೆಕ್ಸ್ ತಳವನ್ನು ಸವೆಸುತ್ತದೆ, ಆದ್ದರಿಂದ ಪ್ರತಿ ಬೆಸುಗೆಗೆ ಮೊದಲು ಪ್ಲೇಟನ್ನೂ ಪ್ರೋಬನ್ನೂ ಒರೆಸಿ, ವಿ-1 ಎಂಬ ಪ್ರಮಾಣಿತ ಬ್ಲಾಕಿನಲ್ಲಿ ಕೋನವನ್ನು ಮತ್ತೆ ನೋಡುತ್ತೇನೆ.

ಮಧ್ಯಾಹ್ನ ಊಟಕ್ಕೆ ಏಳುವ ಮುನ್ನ ಮತ್ತು ಸಂಜೆ ಯಂತ್ರ ಆರಿಸುವ ಮುನ್ನ ಬ್ಲಾಕಿನ ಹತ್ತಿರದ ರಂಧ್ರವನ್ನಲ್ಲ, ಅತಿ ದೂರದ ರಂಧ್ರವನ್ನು ತೆಗೆದು ನೋಡುತ್ತೇನೆ. ಅದು 80ರಿಂದ 2 ಡೆಸಿಬಲ್‌ಗಿಂತ ಹೆಚ್ಚು ಕುಸಿದಿದ್ದರೆ ಹಿಂದಿನ ತಪಾಸಣೆಯ ನಂತರ ನೋಡಿದ ಬೆಸುಗೆಗಳನ್ನೆಲ್ಲ ಮತ್ತೆ ಮಾಡಬೇಕು, ಮಾಡಿದ್ದೇನೆ. ವರದಿಯ ನಮೂನೆಯಲ್ಲಿ ಸ್ಕ್ಯಾನ್ ಮಾಡಿದ ಗರಿಷ್ಠ ಹಾದಿಯ ಪಕ್ಕದಲ್ಲೇ ಟಿಸಿಜಿಯ ಕೊನೆಯ ಬಿಂದುವನ್ನೂ ಬರೆಯಲು ಒಂದು ಕಾಲಂ ಸೇರಿಸಿಕೊಂಡಿದ್ದೇನೆ, ಅದು ಖಾಲಿ ಇರುವವರೆಗೆ ಸಹಿ ಹಾಕುವುದಿಲ್ಲ.